ಒಲೆಯ ಹಿಂದಿನ ಸರಪಳಿ

ಶ್ರೀವಿದ್ಯಾ ಸಹಿ ಹಾಕಿ ಪೆನ್ನನ್ನು ಗಂಡನ ಕಡೆಗೆ ಸರಿಸಿದಳು. ಹರ್ಷವರ್ಧನ ಕಾಗದವನ್ನು ಮತ್ತೊಮ್ಮೆ ಓದಿದ. ಮೂರೂವರೆ ವರ್ಷದ ಮಗಳು ಮಾನ್ಯಳನ್ನು ಅಜ್ಜಿಯ ಜೊತೆ ಮೈಸೂರಿಗೆ ಕಳಿಸಲು ತಂದೆ ತಾಯಿ ಇಬ್ಬರಿಗೂ ಒಪ್ಪಿಗೆಯಿದೆ ಎಂಬ ಪತ್ರ ಅದು. ನಾಳೆ ಮಧ್ಯಾಹ್ನದ ವಿಮಾನ. ಮಗು ಅಲ್ಲೇ ಶಾಲೆಗೆ ಸೇರುತ್ತದೆ, ಅಲ್ಲೇ ಬೆಳೆಯುತ್ತದೆ... ಎಷ್ಟು ವರ್ಷ ಎಂದು ಮಾತ್ರ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ.

“ಹಾಕೋ ಹರ್ಷ, ರಾಹುಕಾಲ ಬಂದ್ಬಿಡತ್ತೆ,” ಎಂದರು ಅವನ ತಾಯಿ ವಸುಂಧರಮ್ಮ. “ಅಲ್ಲಿ ನನ್ನ ಕಣ್ಣೆದುರಿಗೆ ಇರ್ತಾಳೆ. ಇಲ್ಲಿ ಹೆತ್ತವಳಿಗೇ ನಿಗಾ ಇಲ್ಲ, ಪಾಪ!”

“ಅತ್ತೆ ಹೇಳೋದು ಸರಿ ರೀ,” ಎಂದಳು ಶ್ರೀವಿದ್ಯಾ, ತಲೆ ಎತ್ತದೆ. “ನನ್ನ ಹತ್ರ ಇದ್ರೆ ಮತ್ತೆ ಏನಾಗತ್ತೋ... ನನಗೇ ನನ್ನ ಮೇಲೆ ನಂಬಿಕೆ ಇಲ್ಲ.”

ಐದು ತಿಂಗಳ ಹಿಂದೆ, ಯುಗಾದಿಯ ದಿನ ನಡೆದದ್ದು ಅದು. ನ್ಯೂಜಿಲೆಂಡಿನ ಲೋವರ್ ಹಟ್‌ ಊರಿನ ಈ ಮನೆಯಲ್ಲಿ ಅತ್ತೆ ದೇವರ ಮುಂದೆ ಕೂತಿದ್ದರು. ಒಲೆಯ ಮೇಲೆ ಒಬ್ಬಟ್ಟಿನ ಸಾರು ಕುದಿಯುತ್ತಿತ್ತು. ಗಾಳಿಗೆ ಬಟ್ಟೆಗಳೆಲ್ಲ ಹಾರುತ್ತಿವೆಯೆಂದು ಶ್ರೀವಿದ್ಯಾ ಹಿತ್ತಲಿಗೆ ಓಡಿದಳು. ಅರ್ಧ ನಿಮಿಷ... ಅಷ್ಟೇ! ಅಷ್ಟರಲ್ಲಿ ಮಾನ್ಯ ಒಲೆಯ ಕೆಳಗಿನ ಓವನ್ ಬಾಗಿಲನ್ನು ಎಳೆದು, ಅದನ್ನೇ ಮೆಟ್ಟಿಲು ಮಾಡಿಕೊಂಡು ಹತ್ತಿ, ಪಾತ್ರೆಯೊಳಗೆ ಇಣುಕಿದ್ದಳು. ಒಲೆಗೆ ಒಲೆಯೇ ಮುಂದಕ್ಕೆ ಮಗುಚಿತು! ಆ ಚೀರಾಟ... ಆಂಬುಲೆನ್ಸು... ಎಡ ಭುಜದಿಂದ ಮೊಣಕೈವರೆಗೆ ಸುಲಿದುಹೋದ ಎಳೆಯ ಚರ್ಮ... “ಊರವರ ಮಕ್ಕಳಿಗೆಲ್ಲ ಬ್ಯಾಂಡೇಜ್ ಕಟ್ಟೋ ನರ್ಸಮ್ಮ, ಸ್ವಂತ ಮಗೂನ ಬೇಯಿಸಿಬಿಟ್ಲು!” ಎಂದು ವಸುಂಧರಮ್ಮ ಫೋನಿನಲ್ಲಿ ನೆಂಟರಿಗೆಲ್ಲ ಹೇಳಿದರು, ಸೊಸೆಗೆ ಕೇಳಿಸುವಂತೆಯೇ. ಶ್ರೀವಿದ್ಯಾ ನರ್ಸ್ ಕೆಲಸ ಬಿಟ್ಟಳು. ನಗುವುದನ್ನೂ ಬಿಟ್ಟಳು.

ಹರ್ಷವರ್ಧನ ಪೆನ್ನು ಹಿಡಿದ. ಬಾಗಿಲ ಹತ್ತಿರ ಪುಟ್ಟ ಹೆಜ್ಜೆ ಸಪ್ಪಳವಾಯಿತು.

“ಅಪ್ಪ, ಐ ವೋಂಟ್ ಗೋ ಇನ್ ದ ಕಿಚನ್. ಪ್ರಾಮಿಸ್. ಕ್ಯಾನ್ ಐ ಸ್ಟೇ?”

ಅಯ್ಯೋ! ಮೂರೂವರೆ ವರ್ಷದ ಮಗು, ತಪ್ಪೆಲ್ಲ ತನ್ನದೆಂದು ಒಪ್ಪಿಕೊಂಡು ಮನೆಯಲ್ಲಿರಲು ಅಪ್ಪಣೆ ಕೇಳುತ್ತಿದೆ! ಅವನು ಪೆನ್ನು ಕೆಳಗಿಟ್ಟ.

“ಶ್ರೀವಿದ್ಯಾ... ಆ ಒಲೆ ಸುಮ್ನೆ ಬೀಳೋ ಒಲೆ ಅಲ್ಲ. ಭೂಕಂಪಕ್ಕೆ ಉರುಳಬಾರ್ದು ಅಂತ ಹಿಂದುಗಡೆ ಗೋಡೆಗೆ ಸರಪಳಿ ಹಾಕಿದ್ರು. ಹಬ್ಬದ ಹಿಂದಿನ ದಿನ ನಾನು ಒಲೆ ಎಳೆದು ಜಿಡ್ಡು ಉಜ್ಜಿದ್ನಲ್ಲ... ಆಗ ಬಿಚ್ಚಿದ್ದೆ. ಮತ್ತೆ ಹಾಕ್ಲಿಲ್ಲ.”

“ಏನಂದ್ರಿ?”

“ಒಲೆ ಹಿಂದಕ್ಕೆ ತಳ್ಳಿದ್ಮೇಲೆ ಒಳಗೆ ಕೈ ಹೋಗ್ತಿರ್ಲಿಲ್ಲ. ಆಮೇಲೆ ಹಾಕಿದ್ರಾಯ್ತು ಅಂದ್ಕೊಂಡೆ. ಅಮ್ಮ ತಿಂಡಿಗೆ ಕರೆದ್ಲು, ಎದ್ದು ಹೋದೆ...”

ವಸುಂಧರಮ್ಮನ ಮುಖ ಬಿಳಿಚಿಕೊಂಡಿತು. ಹೌದು, ಒಲೆಯ ಹಿಂದೆ ಇಷ್ಟು ಜಿಡ್ಡಿಟ್ಟುಕೊಂಡು ಹಬ್ಬ ಮಾಡುತ್ತೀರಾ ಎಂದು ಹಟ ಹಿಡಿದು ಅದನ್ನು ಎಳೆಸಿದ್ದು ಅವರೇ. ದೋಸೆ ಆರುತ್ತೆ ಬಾರೋ ಎಂದು ಮೂರು ಸಲ ಕೂಗಿದ್ದೂ ಅವರೇ.

ಶ್ರೀವಿದ್ಯಾ ಗಂಡನನ್ನೇ ನೋಡುತ್ತಿದ್ದಳು. “ಈಗ ಸರಪಳಿ ಇದೆಯಲ್ಲ. ನಾನೇ ನೋಡಿದೀನಿ. ಯಾವಾಗ ಹಾಕಿದ್ರಿ?”

“...ಅವತ್ತೇ ಸಾಯಂಕಾಲ.”

“ಮಗು ಬಟ್ಟೆ ತರ್ತೀನಿ ಅಂತ ಆಸ್ಪತ್ರೆಯಿಂದ ಮನೆಗೆ ಬಂದ್ರಲ್ಲ, ಆಗ್ಲಾ?”

ಅವನು ಹೌದೆಂದು ತಲೆಯಾಡಿಸಿದ.

“ಆ ಹೊತ್ತಲ್ಲಿ ಡಾಕ್ಟ್ರು ಹೇಗಾಯ್ತು ಅಂತ ಕೇಳ್ತಿದ್ರು ರೀ. ತಪ್ಪು ನನ್ನದು ಅಂತ ಹೇಳ್ತಿದ್ದೆ. ಅವರು ಬರ್ಕೊಳ್ತಿದ್ರು.” ಅವಳ ದನಿ ಏರಲೇ ಇಲ್ಲ. ಏರಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು! “ನಾನು ಬಿಟ್ಟು ಹೋಗಿದ್ದು ತಪ್ಪೇ. ಅದು ನನ್ನದೇ. ಆದ್ರೆ ಪೂರ್ತಿ ಭಾರ ಒಬ್ಬಳೇ ಹೊತ್ತೆ... ನೀವು ಪಕ್ಕದಲ್ಲೇ ಮಲಗಿ ನೋಡ್ತಾ ಇದ್ರಿ.”

“ನನ್ನ ಬಾಯಿಗೆ ಹುಳ ಬೀಳ!” ವಸುಂಧರಮ್ಮ ಸೊಸೆಯ ಎರಡೂ ಕೈ ಹಿಡಿದು ಬಿಕ್ಕಿದರು. “ಏನೇನಂದೆ ತಾಯಿ ನಿನಗೆ... ಏನೇನಂದೆ!”

ಶ್ರೀವಿದ್ಯಾ ಕೈ ಬಿಡಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಪತ್ರವನ್ನು ನಾಲ್ಕಾಗಿ ಹರಿದು, ಮಗುವನ್ನು ಎತ್ತಿಕೊಂಡಳು. “ನಾಳೆ ಅತ್ತೇನ ನೀವೇ ಬಿಟ್ಟು ಬನ್ನಿ. ನಾವಿಬ್ರೂ ಮನೇಲಿರ್ತೀವಿ.”

ಮರುದಿನ ವಿಮಾನ ನಿಲ್ದಾಣದಲ್ಲಿ ತಾಯಿ ಮಗನ ಮುಖವನ್ನು ಸರಿಯಾಗಿ ನೋಡಲಿಲ್ಲ. “ಅವಳು ಬೈದ್ರೆ ಬೈಸ್ಕೊ ಕಣೋ. ಸುಮ್ನಿದ್ರೆ... ಅದನ್ನೂ ಸಹಿಸ್ಕೊ,” ಎಂದಷ್ಟೇ ಹೇಳಿ ಒಳಗೆ ನಡೆದರು.

ಅವನು ಮನೆಗೆ ಮರಳಿದಾಗ ಬಿಸಿಲಿನ್ನೂ ಇತ್ತು. ಬೀಗದ ಕೈ ತೆಗೆದವನು ಮೆಟ್ಟಿಲ ಮೇಲೇ ನಿಂತುಬಿಟ್ಟ. ಒಳಗೆ ಮಾನ್ಯ ಏನೋ ಹೇಳುತ್ತಿದ್ದಳು, ಶ್ರೀವಿದ್ಯಾ ನಗುತ್ತಿದ್ದಳು. ಐದು ತಿಂಗಳಾದ ಮೇಲೆ ಆ ನಗು! ತಾನು ಒಳಗೆ ಹೋದರೆ ಅದು ನಿಂತುಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಸದ್ದಾಗದಂತೆ ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಹಿಂದಕ್ಕೆ ಹೋಗಿ ಕಾರಿನಲ್ಲಿ ಕೂತ. ಅವರು ನಕ್ಕು ಮುಗಿಸುವವರೆಗೂ ಅಲ್ಲೇ ಕೂತಿದ್ದ.