ಹನ್ನೊಂದಕ್ಕೆ ನೀರು ಬಿಡುತ್ತಾರೆ

ನಿನ್ನೆ ಸಂಜೆ ತೃಪ್ತಿ ಮೊದಲ ಸಲ ಸಂದೇಶನ ಮನೆಗೆ ಹೋದಳು. ಅವನ ತಾಯಿ ಕೊಟ್ಟ ನೀರು ಕುಡಿಯದೆ ಎದ್ದು ಬಂದಳು.

ಇವತ್ತು ಇಬ್ಬರೂ ಗಡಿಯಾಚೆಯ ಅಣೆಕಟ್ಟಿನ ಕೆಳಗೆ, ಕಂದರದ ಅಂಚಿಗೆ ಕಟ್ಟಿದ ಹಗ್ಗದ ಹಿಂದೆ ನಿಂತಿದ್ದರು. ನಿಪ್ಪಾಣಿ, ಭೋಜದಿಂದ ಟ್ರ್ಯಾಕ್ಸ್ ಜೀಪುಗಳ ತುಂಬ ಜನ ಬಂದಿದ್ದರು. ಹನ್ನೊಂದಕ್ಕೆ ಸೈರನ್ ಕೂಗಿತು. ಬಂಡೆಗಳ ನಡುವೆ ಕಂದು ನೀರು ನುಗ್ಗಿತು. ಅದರ ಹಿಂದೆಯೇ ಪುಣೆಯ ಹುಡುಗರ ಕಯಾಕು ದೋಣಿಗಳು, ಕೆಂಪು, ಹಳದಿ ಮೆಣಸಿನಕಾಯಿಗಳಂತೆ.

"ಮಾತಾಡಬಾರದಂತ ಏನರ ವ್ರತ ಹಿಡದೀರೇನ್ರಿ, ಸರ್?" ತೃಪ್ತಿ ಓರೆಗಣ್ಣಿನಿಂದ ನೋಡಿ ನಗುತ್ತ ಕೇಳಿದಳು. ಇಬ್ಬರೂ ಒಂದೇ ಹೈಸ್ಕೂಲಿನಲ್ಲಿ ಕಲಿಸುತ್ತಾರೆ. ಜಗಳವಾದಾಗ ಮಾತ್ರ ಅವನು 'ಸರ್'.

"ನಿಮಗ ನೀರ ಕೊಡೂ ಮೊದಲ ಆಯಿ ತಂಬಗಿ ಎರಡ ಸಲ ತಿಕ್ಕಿದ್ಲು, ಮೇಡಂ."

ಅವಳ ನಗು ಅಲ್ಲೇ ನಿಂತಿತು.

"ಹೊತ್ತ ಮುಣಗಿತ್ತೋ. ಈ ಚಾತುರ್ಮಾಸಕ್ಕ ವ್ರತ ಹಿಡದೀನಿ. ಕತ್ತಲಾದ ಮ್ಯಾಲ ನಮ್ಮ ಮನ್ಯಾಗೂ ಹನಿ ನೀರ ಕುಡ್ಯಾಂಗಿಲ್ಲ."

"ಹೇಳಬೇಕಿತ್ತು."

"ಹೇಳಬೇಕಂತ ಹೊಳೀಲೇ ಇಲ್ಲ."

"ನಿಮಗ ಹೊಳ್ಯಾಂಗಿಲ್ಲ."

ನಿಜ. ಅವಳ ಜೈನರ ಓಣಿಯಲ್ಲಿ ನೀರು ಬೇಡವೆಂದರೆ ಬಾಯಾರಿಲ್ಲ, ಇಲ್ಲವೇ ವ್ರತ. ಅವನ ಓಣಿಯಲ್ಲಿ ಅದಕ್ಕೆ ಒಂದೇ ಅರ್ಥ, ಮೈಲಿಗೆ. ಮುದುಕಿಗೆ ಅದನ್ನು ಊರೇ ಕಲಿಸಿತ್ತು, ಹೊಡೆದು ಕಲಿಸಿತ್ತು.

ಕೆಳಗೆ ಒಂದು ಕಯಾಕು ಮಗುಚಿತು. ಜನ ಉಸಿರು ಹಿಡಿದರು. ಅದು ತಿರುಗಿ ಎದ್ದಿತು; ಸಿಳ್ಳೆಗಳೆದ್ದವು.

"ಆಯಿ ಈ ಸಂಬಂಧ ಬ್ಯಾಡ ಅಂದಾಳ," ಅಂದ ಸಂದೇಶ, ನೀರನ್ನೇ ನೋಡುತ್ತ. "'ಗ್ವಾಡಿ ಹಿಂದ ಅಡಗಿ ಪ್ರೀತಿ ಮಾಡತಾಳ. ಮಂದಿ ಮುಂದ ನಿನ್ನ ಹೆಸರ ಹೇಳತಾಳೇನ, ಕೇಳಿ ಬಾ' ಅಂದ್ಲು."

ಅವಳು ಬಾಯಿ ತೆರೆಯುವಷ್ಟರಲ್ಲಿ ಗುಂಪಿನಿಂದ ಅವಳಪ್ಪನ ತಮ್ಮ, ಉತ್ತಮ ಕಾಕಾ ಬಂದ.

"ಏ ತೃಪ್ತಿ, ನಮ್ಮ ಹೆಣಮಕ್ಕಳೆಲ್ಲ ಆ ಕಡೆ ಅದಾರ. ಇಂವ ಯಾರ?"

ಸಂದೇಶ ಅಭ್ಯಾಸದಂತೆ ಎರಡು ಹೆಜ್ಜೆ ಸರಿದ. ಮೂರು ವರ್ಷ ಹಾಗೆಯೇ ಸರಿದಿದ್ದ. ತೃಪ್ತಿ ಅವನ ಅಂಗಿಯ ತೋಳು ಹಿಡಿದಳು.

"ಸಂದೇಶ ಕಾಂಬಳೆ. ನಾ ಇವನ್ನ ಲಗ್ನ ಆಗಾಕಿ, ಕಾಕಾ."

ಮೊಬೈಲ್ ಎತ್ತಿ ನೀರನ್ನು ಸೆರೆಹಿಡಿಯುತ್ತಿದ್ದವರು ತಿರುಗಿದರು. ಕಾಕಾ ಜಾತಿ ಹೇಳುವ ಆ ಅಡ್ಡಹೆಸರನ್ನು ಮನಸ್ಸಿನಲ್ಲೇ ತೂಗಿದ. ದನಿ ತಗ್ಗಿಸಿದ.

"ಮನೀಗೆ ನಡಿ. ಅಲ್ಲಿ ಮಾತಾಡೂಣು."

"ಇಲ್ಲೇ ಮಾತಾಡ್ರಿ," ಅಂದಳು ತೃಪ್ತಿ. "ಜೋರಲೆ ಮಾತಾಡ್ರಿ. ನೀರಿನ ಸಪ್ಪಳ ಭಾಳ ಐತಿ."