ಏಳನೆಯ ಹಾಡಿನ ಮುಂದಿನ ಹೆಸರು

ಡೆಲ್ಫಿಯಾ ಪೆಟ್ಟಿಗೆಯ ಟೇಪನ್ನು ಬೀಗದ ಕೈಯಿಂದಲೇ ಸೀಳಿದಳು. ಒಳಗಿತ್ತು ಅವಳ ಬ್ಯಾಂಡಿನ ಮೊದಲ ಆಲ್ಬಂ. ಬೇರೆಯವರು ಮುಖಪುಟದ ಫೋಟೋ ನೋಡುತ್ತಿದ್ದರೆ, ಇವಳು ಹಿಂದೆ ತಿರುಗಿಸಿ ಸಣ್ಣಕ್ಷರ ಓದತೊಡಗಿದಳು.

ಕಾರಣವಿತ್ತು. ಅವಳು ಚಿಕ್ಕವಳಿದ್ದಾಗ ಪಟ್ಟಣದ ಮಹಾಶಯನೊಬ್ಬ ಟೇಪ್‌ರೆಕಾರ್ಡರ್ ಹಿಡಿದು ಈ ಕಣಿವೆಗೆ ಬಂದಿದ್ದ. ಅಜ್ಜಿ ವರ್ಡಿಯ ಕೈಯ ಬೀನ್ಸು, ಕಾರ್ನ್‌ಬ್ರೆಡ್ ತಿಂದು, ಮೂರು ಹಾಡು ತುಂಬಿಕೊಂಡು ಹೋಗಿ ತನ್ನದೇ ಹೆಸರಲ್ಲಿ ಅಚ್ಚು ಹಾಕಿಸಿದ್ದ. ಅಂದಿನಿಂದ ಅಜ್ಜಿಯ ಹಾಡು ಹೊಗಳಿದವರನ್ನೆಲ್ಲ ಡೆಲ್ಫಿಯಾ ಓರೆಗಣ್ಣಿನಿಂದಲೇ ನೋಡುತ್ತಿದ್ದಳು.

ಈಗ ಅನುಮಾನ ಎಮೆಟ್ ಮೇಲೆ. ಗುಡ್ಡದಾಚೆಯಿಂದ ಬಂದು ಬ್ಯಾಂಡ್ ಸೇರಿದ ಪಿಟೀಲುಗಾರ. ನಾಲ್ಕು ತಿಂಗಳಿಂದ ಪ್ರತಿ ಗುರುವಾರ ಅವನ ಟ್ರಕ್ಕು ಅಜ್ಜಿಯ ಮನೆ ಮುಂದೆ ನಿಂತಿರುತ್ತಿತ್ತು. ಕೇಳಿದರೆ, "ಕಟ್ಟಿಗೆ ಒಡೆಯೋಕೆ" ಅನ್ನುತ್ತಿದ್ದ. ಪಿಟೀಲಿಗೆ ಗಲ್ಲ ಆನಿಸಿ, ಶುರು ಮಾಡು ಎಂಬಂತೆ ಅವನು ಕಣ್ಣೆತ್ತಿದರೆ ಸಾಕು, ಬ್ಯಾಂಜೋ ಮೇಲೆ ಅವಳ ಬೆರಳುಗಳು ತಪ್ಪುತ್ತಿದ್ದವು. ಅದಕ್ಕೂ ಅವನ ಮೇಲೇ ಸಿಟ್ಟು.

ಏಳನೆಯದು ಅಜ್ಜಿಯ ಹಾಡು. ಅದರ ಮುಂದೆ ಅಚ್ಚಾಗಿದ್ದ ಹೆಸರು: ಲೆಟಿ ಫ್ಯೂಗೇಟ್. ಅಚ್ಚಿಗೆ ಹೆಸರುಗಳನ್ನು ಬರೆದು ಕಳಿಸಿದವನು ಎಮೆಟ್.

"ಎಮೆಟ್, ಯಾರೋ ಈ ಲೆಟಿ?"

ಅವನ ಕಿವಿ ಕೆಂಪಾಯಿತು. "ನಾನು ಹೇಳೋ ಹಾಗಿಲ್ಲ."

"ಅವಳಿಗೆ ಮಾತು ಕೊಟ್ಟಿದ್ದೀಯಾ?"

"ಅವಳಿಗಲ್ಲ."

"ನೋಡೋಕೆ ಚೆನ್ನಾಗಿದಾಳಾ?"

"ಚೆನ್ನಾಗಿದ್ದಳಂತೆ."

"ನಮ್ಮಜ್ಜಿ ಹಾಡು ತಗೊಂಡು ನಿನ್ನ ಹುಡುಗಿಗೆ ಉಡುಗೊರೆ ಕೊಟ್ಟೆ. ಇವತ್ತು ನುಡಿಸು. ನಾಳೆಯಿಂದ ಬರಬೇಡ."

"ಅಜ್ಜಿ ಬರ್ತಾರಲ್ಲ, ಅವರನ್ನೇ ಕೇಳು" ಎಂದು ಎಮೆಟ್ ಹಿಂಬಾಗಿಲಿನತ್ತ ನಡೆದ.

ಹಳೆಯ ಶಾಲೆಯ ಹಾಲ್‌ನಲ್ಲಿ ನಾಲ್ಕಕ್ಕೆ ಆಲ್ಬಂ ಬಿಡುಗಡೆ. ಮೂರಕ್ಕೇ ವರ್ಡಿ ಚರ್ಚಿಗೆ ಹೋಗುವಾಗಿನ ಟೋಪಿ ಹಾಕಿಕೊಂಡು ಬಂದಳು.

"ಅಜ್ಜಿ, ಎಮೆಟ್ ನಿನ್ನ ಹಾಡು ಕದ್ದಿದಾನೆ."

ವರ್ಡಿ ಕವರನ್ನು ಕಣ್ಣಿಗೆ ಹತ್ತಿರ ಹಿಡಿದಳು. ಆ ಹೆಸರಿನ ಮೇಲೆ ಹೆಬ್ಬೆರಳು ಆಡಿಸಿ, ಮೆಲ್ಲಗೆ ಕುರ್ಚಿಯಲ್ಲಿ ಕೂತಳು.

"ಕದ್ದವಳು ನಾನು ಕಣೇ. ಲೆಟಿ ನನ್ನಕ್ಕ."

"ನಿನಗೆ ಅಕ್ಕ ಇದ್ದಳಾ?"

"ಹದಿನೇಳಕ್ಕೆ ಈ ಹಾಡು ಕಟ್ಟಿದಳು. ಹದಿನೆಂಟಕ್ಕೆ ಹೆಂಡತಿ ಇದ್ದವನ ಜೊತೆ ಒಹಾಯೊಗೆ ಓಡಿಹೋದಳು. ಅಲ್ಲೇ ತೀರಿಕೊಂಡಳು. ಅಪ್ಪ ಮನೆ ಬೈಬಲ್‌ನಲ್ಲಿದ್ದ ಅವಳ ಹೆಸರು ಹೊಡೆದುಹಾಕಿದ, ಯಾರೂ ಅದನ್ನ ಎತ್ತಬಾರದು ಅಂದ. ನಾನು ಎತ್ತಲಿಲ್ಲ. ಹಾಡು ಮಾತ್ರ ಬಿಡೋಕಾಗಲಿಲ್ಲ. ಎಲ್ಲರೂ ನಂದು ಅಂದುಕೊಂಡ್ರು, ಸುಮ್ಮನಿದ್ದೆ."

"ನಂಗೂ ಹೇಳಲಿಲ್ಲವಲ್ಲ?"

"ನೀನು ಕೇಳಲಿಲ್ಲ. ಅರವತ್ತು ವರ್ಷದಲ್ಲಿ, ಯಾರ ಹೆಸರು ಹಾಕಲಿ ಅಂತ ಕೇಳಿದವನು ಇವನೊಬ್ಬನೇ. ಎಂಟು ವಾರ ಬರೀ ಕಟ್ಟಿಗೆ ಒಡೆಸಿದೆ. ಆಮೇಲೆ ಹೇಳಿದೆ. ಡೆಲ್ಫಿಯಾಗೆ ನಾನೇ ಹೇಳ್ತೀನಿ, ನೀನು ಬಾಯಿ ಬಿಡಬೇಡ ಅಂತ ಅವನಿಗೆ ಅಂದಿದ್ದೆ. ಧೈರ್ಯ ಬರಲಿಲ್ಲ, ಮಗಳೇ."

ಡೆಲ್ಫಿಯಾ ಹಿಂಬಾಗಿಲಿಗೆ ಬಂದಾಗ ಎಮೆಟ್ ಮೆಟ್ಟಿಲ ಮೇಲೆ ಕೂತಿದ್ದ. ಪಕ್ಕ ಕೂತು ಅವನ ಅಂಗೈ ತಿರುಗಿಸಿ ನೋಡಿದಳು. ಕೊಡಲಿಯ ಬೊಬ್ಬೆಗಳು ಒಣಗಿ ಗಟ್ಟಿಯಾಗಿದ್ದವು.

"ತಪ್ಪು ತಿಳಿದೆ" ಎಂದಳು. "ಇಷ್ಟೊಂದು ಕಟ್ಟಿಗೆ, ಒಂದು ಹೆಸರಿಗೋಸ್ಕರನಾ?"

"ಮೊದಲನೇ ವಾರ ಹೆಸರಿಗೆ. ಎರಡನೇ ವಾರದಿಂದ ಅಜ್ಜಿ ನಿನ್ನ ವಿಷಯ ಹೇಳೋಕೆ ಶುರು ಮಾಡಿದ್ರು."

"ಏನಂದ್ರು?"

"ಯಾರನ್ನೂ ನಂಬೋಳಲ್ಲ ಅಂದ್ರು."

"ಆದ್ರೂ ಬರ್ತಾ ಇದ್ದೆ."

"ನೀನು ನಂಬೋವರೆಗೂ ಒಡೆಯೋಣ ಅನ್ನಿಸ್ತು. ಇಲ್ಲಿ ಕಾಡಿಗೇನು ಕಮ್ಮಿ?"

ಅವಳು ನಗು ತಡೆಯಲು ಹೋಗಿ ಸೋತಳು. ಹಿಡಿದ ಕೈಯನ್ನು ಮಾತ್ರ ಬಿಡಲಿಲ್ಲ.

ಆರನೆಯ ಹಾಡು ಮುಗಿದಾಗ ಡೆಲ್ಫಿಯಾ ಮೈಕಿನ ಹತ್ತಿರ ಬಂದಳು. "ಮುಂದಿನದನ್ನು ಕಟ್ಟಿದವಳು ಲೆಟಿ ಫ್ಯೂಗೇಟ್. ನಮ್ಮ ದೊಡ್ಡಜ್ಜಿ."

ಹಾಲ್‌ನಲ್ಲಿ ಮುದುಕಿಯರಿಬ್ಬರು ತಿರುಗಿ ವರ್ಡಿಯ ಮುಖ ನೋಡಿದರು. ವರ್ಡಿ ತಲೆ ತಗ್ಗಿಸಲಿಲ್ಲ. ಎರಡನೆಯ ಸಾಲಿಗೆ ಅವಳೂ ದನಿ ಸೇರಿಸಿದಳು. ಡೆಲ್ಫಿಯಾ ಎಂದೂ ಕೇಳಿರದ ಬೇರೆಯದೇ ಕೆಳದನಿ, ಅಕ್ಕನ ಪಕ್ಕ ನಿಂತು ಹಾಡುತ್ತಿದ್ದ ತಂಗಿಯ ಪಾಲು.

ಅದು ಎಲ್ಲರಿಗೂ ಕೇಳಲೆಂದು ಎಮೆಟ್ ಕಮಾನನ್ನು ತಂತಿಯಿಂದ ಎತ್ತಿ ಸುಮ್ಮನೆ ನಿಂತ. ಡೆಲ್ಫಿಯಾ ಹಾಡುತ್ತಲೇ ಅವನತ್ತ ತಿರುಗಿದಳು. ಊರಿನವರೆಲ್ಲ ನೋಡುತ್ತಿದ್ದರೂ ಕಣ್ಣು ತಪ್ಪಿಸಲಿಲ್ಲ.