ಸ್ಟುಡಿಯೋ ಕೋಟಿನವನು

ಸಿಮೆಂಟಿನ ಎತ್ತಿಗೆ ಕಣ್ಣು ಬರೆಯುತ್ತಿದ್ದವನು ತಿರುಗಿ ನೋಡಿದ. ತನುಜಾಳ ಎದೆ ಧಸಕ್ಕೆಂದಿತು!

ಅದೇ ಮುಖ... ತಿಂಗಳಿಂದ ದಿನವೂ ಅವಳ ಫೋನಿನಲ್ಲಿ ಮೂಡುತ್ತಿದ್ದ ಮುಖ!

ಶಿಗ್ಗಾವಿಯ ಶಾಲೆಯ ಮಕ್ಕಳನ್ನು ಗೊಟಗೋಡಿಯ ರಾಕ್ ಗಾರ್ಡನ್ನಿಗೆ ಕರೆತಂದಿದ್ದ ಟೀಚರು, ಮಕ್ಕಳನ್ನೇ ಮರೆತು ಅವನೆದುರು ನಿಂತಳು.

"ನೀವು... ಆರ್ಯನ್ ಖನ್ನಾ ಅಲ್ಲೇನ್ರಿ?"

"ಯಾರ್ರಿ ಅಂವ? ನಾ ಮಾಲತೇಶ. ಹಿರೇಕೆರೂರಾಂವ."

"ಸುಳ್ಳು ಹೇಳಬ್ಯಾಡ್ರಿ! ಪುಣೆ ಕಂಪನಿ ಎಚ್‌ಆರ್, ನೌಕರಿ ಕೊಡಸ್ತೇನಿ ಅಂತ ದಿನಾ ನನಗ ಮೆಸೇಜ್ ಹಾಕಿದ್ದು ಯಾರು?"

"ಅಕ್ಕೋರ, ನಾ ಮೂರ್ತಿಗೆ ಬಣ್ಣ ಹಚ್ಚಾಂವ. ನಿಮಗೆಲ್ಲಿಂದ ನೌಕರಿ ಕೊಡ್ಲಿ?"

ಫೋನು ತೆಗೆದು ಆ ಪ್ರೊಫೈಲು ತೋರಿಸಿದಳು. ಅವನ ಬಾಯಿ ತೆರೆದೇ ಉಳಿಯಿತು.

"ಅಯ್ಯ! ಇದು ನಮ್ಮಕ್ಕನ ಲಗ್ನದಾಗ ತಗಸಿದ್ದು. ಫೋಟೋ ತಗದ ಅಂಬರೀಶ ತನ್ನ ಸ್ಟುಡಿಯೋ ಪೇಜಿಗೆ ಹಾಕಿದ್ದ. ಆ ಕೋಟು ಸೈತ ಸ್ಟುಡಿಯೋದ್ದು, ಬೆನ್ನಿಗೆ ಪಿನ್ನು ಚುಚ್ಚಿ ಬಿಗಿ ಮಾಡಿದ್ದ!"

"ಎಷ್ಟು ಚೆಂದ ಕತಿ ಕಟ್ತೀರಿ!" ಎಂದು ಹೊರಟುಬಿಟ್ಟಳು.

ನೌಕರಿಗಿಂತ ಹೆಚ್ಚಾಗಿ ಆ ಮುಖವನ್ನೇ ನಂಬಿದ್ದಳು ಹುಡುಗಿ. ಬರುವ ಸೋಮವಾರ ಶಾಲೆಯ ಕೆಲಸ ಬಿಡುವುದಾಗಿ ಹೇಳಿ, ಮಾರ್ಕ್ಸ್ ಕಾರ್ಡು, ಆಧಾರ್ ಎಲ್ಲವನ್ನೂ ಅವನಿಗೆ ಕಳಿಸಬೇಕೆಂದಿದ್ದಳು.

ಮರುದಿನ ಆರ್ಯನ್ ಇದ್ದ ನೌಕರಿ ಸೈಟಿನಲ್ಲೇ ಹೊಸ ಪ್ರೊಫೈಲೊಂದರಿಂದ ಅವಳಿಗೆ ಸಂದೇಶ ಬಂತು. ಫೋಟೋ ಅದೇ, ಹೆಸರು ಮಾತ್ರ ಮಾಲತೇಶ.

'ಅಕ್ಕೋರ, ಫೋನಿನಾಗ ನಿಮ್ಮ ಹೆಸರು ನೋಡಿದ್ದೆ. ಇದೊಂದ ನನ್ನ ಖರೇ ಖಾತೆ. ನನ್ನ ಹತ್ರ ಕೊಡಾಕ ನೌಕರಿ ಇಲ್ಲ. ಅಂವಗ ಏನೂ ಕಳಿಸಬ್ಯಾಡ್ರಿ.'

'ಒಬ್ಬನೇ ಕಳ್ಳ, ಎರಡು ಹೆಸರು!' ಸಿಟ್ಟಿನಲ್ಲಿ ರಿಪೋರ್ಟ್ ಒತ್ತಿದಳು. ಸೈಟಿನವರು ತಡಮಾಡಲಿಲ್ಲ. ಹೊಸ ಖಾತೆಯೇ ನಕಲಿ ಎಂದು ಮಾಲತೇಶನನ್ನು ಅಳಿಸಿಹಾಕಿದರು. ಆರ್ಯನ್ ಖನ್ನಾ ಹಾಗೆಯೇ ನಗುತ್ತ ಉಳಿದ.

ಆದರೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಳ್ಳನಾದರೆ ತನ್ನನ್ನೇಕೆ ಎಚ್ಚರಿಸಬೇಕು? ಬೋರ್ಡಿನ ಮೇಲೆ ಬರೆದದ್ದನ್ನೇ ಮತ್ತೆ ಬರೆದಳು, ಮಕ್ಕಳು ನಕ್ಕರು.

ಶನಿವಾರ ಶಾಲೆ ಬಿಟ್ಟಿದ್ದೇ ಗೊಟಗೋಡಿಯ ಬಸ್ಸು ಹತ್ತಿದಳು.

ಅವನು ಒಡೆದ ಮೂರ್ತಿಯೊಂದಕ್ಕೆ ತೋಳು ಕಟ್ಟುತ್ತಿದ್ದ. ಎರಡೂ ಕೈ ಮೊಣಕೈವರೆಗೆ ಹಸಿ ಸಿಮೆಂಟು.

ಆಗಲೇ ಅವಳ ಫೋನು ಗುನುಗಿತು. ಆರ್ಯನ್ ಖನ್ನಾ ಟೈಪ್ ಮಾಡುತ್ತಿದ್ದಾನೆ... ಮಾಡುತ್ತಲೇ ಇದ್ದಾನೆ...

ತನುಜಾ ಫೋನು ನೋಡಿದಳು. ಆ ಕೈಗಳನ್ನು ನೋಡಿದಳು. ಟೈಪ್ ಮಾಡುತ್ತಿರುವವನು ಇವನಲ್ಲ!

"ಮಾಲತೇಶ್ ಅವರ..."

ಅವನು ತಿರುಗದೆಯೇ ಹೇಳಿದ.

"ನನ್ನ ಖಾತೆ ತಗದ ಹಾಕ್ಯಾರ್ರಿ. ನಾನ ಡುಪ್ಲಿಕೇಟ್ ಅಂತ ಯಾರೋ ದೂರು ಕೊಟ್ಟಾರಂತ."

"ಕೊಟ್ಟಾಕಿ ನಾನ..."

ಸಿಮೆಂಟು ಮೆತ್ತುತ್ತಿದ್ದ ಕೈ ನಿಂತಿತು.

"ಮಾರಿ ಕದ್ದಾಂವನ್ನ ನಂಬಿದ್ರಿ. ಮಾರಿ ಇದ್ದಾಂವನ್ನ ಅಳಿಸಿದ್ರಿ. ಭಾಳ ಶಾಣ್ಯಾರದೀರಿ, ಅಕ್ಕೋರ!"

ಅವಳ ಕಣ್ಣು ತುಂಬಿ ಬಂತು. ಅವನೆದುರೇ ಆರ್ಯನ್ ಖನ್ನಾನನ್ನು ಬ್ಲಾಕ್ ಮಾಡಿದಳು.

"ನಾ ಶಾಲಿ ಬಿಡಂಗಿಲ್ಲ. ಅಂವ ತಿಂಗಳತನಕ ಬರದ ಒಂದ ಮಾತೂ ನನಗೀಗ ನೆನಪಿಲ್ಲ. ನೀವು ಬರದದ್ದು ಮಾತ್ರ ಬಾಯಿಪಾಠ ಆಗೇತಿ. 'ಕೊಡಾಕ ನೌಕರಿ ಇಲ್ಲ' ಅಂತ ಹಂಗ ಯಾರೂ ನನಗ ಖರೇ ಹೇಳಿದ್ದಿಲ್ರಿ..."

ಅವನ ತುಟಿಯಂಚಿನಲ್ಲಿ ನಗು ಅದುರಿತು.

"ಈಗ ನನ್ನ ಖಾತೆಗೆ ಏನ್ ಮಾಡೂದು?"

"ಬ್ಯಾರೆ ಫೋಟೋ ಬೇಕು. ಇತ್ತಾಗ ತಿರುಗ್ರಿ."

"ತಡೀರಿ, ಗಲ್ಲಕ್ಕ ಸಿಮೆಂಟ್ ಹತ್ತೇತಿ!"

"ಇರ್ಲಿ ಬಿಡ್ರಿ." ಪಕ್ಕದಲ್ಲೇ ನಿಂತು ಫೋನು ಎತ್ತಿ ಹಿಡಿದಳು.

"ಇದನ್ನೂ ಕದ್ರ?"

"ಕದಿಯಂಗಿಲ್ಲ. ಪಕ್ಕದಾಗ ನಾ ಇದ್ದೇನಲ್ಲ."

ಅವನ ದನಿ ತಗ್ಗಿತು. "ಇವತ್ತ ಅಷ್ಟೋ... ದಿನಾ ಇರ್ತೀರೋ, ಅಕ್ಕೋರ?"

"ಅಕ್ಕೋರ ಅನ್ನೂದ ಬಿಟ್ರ ಇರ್ತೇನಿ."